ಬಾಗಿಲಿಗೆ ಬಂದ ಹೂಳು

ಮನೆಯ ಮುಂದೆ ಬೋರ್ಡು ಹಾಕಿಸಬೇಕೆಂದು ಆಸೆಯಾದವನು ಮೊದಲು ಹೆಂಡತಿಯನ್ನು ಕೇಳಬೇಕು. ಆಮೇಲೆ ಎದುರುಮನೆಯವರನ್ನು ಕೇಳಬೇಕು. ಆಮೇಲೂ ಆಸೆ ಇಳಿಯದಿದ್ದರೆ ಒಂದು ವಾರ ಹೊದ್ದು ಮಲಗಬೇಕು. ನಮ್ಮ ಬೀದಿಯ ಕಾರ್ಯದರ್ಶಿ ಇದರಲ್ಲಿ ಯಾವುದನ್ನೂ ಮಾಡದೆ ನೇರವಾಗಿ ಪೇಂಟರನ್ನೇ ಕೇಳಿದ. ಬೋರ್ಡು ಹಾಕಿಸಲೋ ಬೇಡವೋ ಎಂದು ಪೇಂಟರನ್ನು ಕೇಳುವುದೂ, ಉಣ್ಣಲೋ ಬೇಡವೋ ಎಂದು ಹಸಿವನ್ನು ಕೇಳುವುದೂ ಒಂದೇ.

"ಹಾಕ್ಸಿ ಸಾರ್. ಇಷ್ಟು ಒಳ್ಳೇ ಗೋಡೆ ಇಟ್ಕೊಂಡು ಯಾಕೆ ಯೋಚ್ನೆ ಮಾಡ್ತೀರಿ?" ಅಂದ ಪೇಂಟರು.

ಬೋರ್ಡು ಬಂತು. ನೀಲಿ ನೆಲ, ಬಿಳಿ ಅಕ್ಷರ. 'ನದಿ ಮತ್ತು ಕಡಲ ಹೂಳು ನಿರ್ವಹಣಾ ಬಳಗ – ಕೇಂದ್ರ ಕಚೇರಿ' ಎಂದು ಬರೆದಾದ ಮೇಲೂ ಕೆಳಗೆ ಒಂದು ಮೊಳ ಜಾಗ ಉಳಿದಿತ್ತು. ಖಾಲಿ ಜಾಗ ಕಂಡರೆ ಪೇಂಟರಿಗೆ ಕೈ ಕಡಿಯುತ್ತದೆ, ಕಾರ್ಯದರ್ಶಿಗೆ ಬಾಯಿ ಕಡಿಯುತ್ತದೆ. ಇಬ್ಬರೂ ಸೇರಿ ಬಳಗದ ಘೋಷವಾಕ್ಯವನ್ನು ಅಲ್ಲಿ ಕೂರಿಸಿದರು: 'ಹೂಳು ಕಸವಲ್ಲ, ಸಂಪತ್ತು! ಸಂಪರ್ಕಿಸಿ.' ಪೇಂಟರು ತನ್ನ ಕಡೆಯಿಂದ ಪುಗಸಟ್ಟೆಯಾಗಿ ಒಂದು ಕೆಂಪು ಬಾಣದ ಗುರುತನ್ನೂ ಎಳೆದ. ಬಾಣ ಗೇಟು ದಾಟಿ ಸೀದಾ ಮನೆಯ ಅಂಗಳವನ್ನು ತೋರಿಸುತ್ತಿತ್ತು.

ಮುಂದೆ ಆದದ್ದಕ್ಕೆಲ್ಲ ಆ ಬಾಣವೇ ಕಾರಣ ಎಂದು ಕಾರ್ಯದರ್ಶಿ ಇಂದಿಗೂ ವಾದಿಸುತ್ತಾನೆ. ಅವನ ಹೆಂಡತಿ ಒಪ್ಪುವುದಿಲ್ಲ.

ಈ ಬಳಗ ಏನು ಮಾಡುತ್ತದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಮೇಲು. ನದಿ ಹರಿಯುವಾಗ ಮಣ್ಣನ್ನೂ ಮರಳನ್ನೂ ಹೊತ್ತು ತರುತ್ತದೆ. ಎಲ್ಲಿ ಸುಸ್ತಾಗುತ್ತದೋ ಅಲ್ಲಿ ಹೊರೆ ಇಳಿಸುತ್ತದೆ. ಅದೇ ಹೂಳು. ಅದು ಅಣೆಕಟ್ಟೆಯಲ್ಲಿ ತುಂಬಿದರೆ ನೀರಿಗೆ ಜಾಗವಿಲ್ಲ, ಬಂದರಿನಲ್ಲಿ ತುಂಬಿದರೆ ಹಡಗಿಗೆ ಜಾಗವಿಲ್ಲ. ಅದನ್ನು ಅಳೆಯುವವರು, ಎತ್ತುವವರು, ಪರೀಕ್ಷೆ ಮಾಡುವವರು, ಎತ್ತಿದ್ದನ್ನು ಎಲ್ಲಿ ಹಾಕುವುದೆಂದು ತಲೆ ಕೆರೆದುಕೊಳ್ಳುವವರು ಊರೂರಿನಲ್ಲಿದ್ದಾರೆ. ಅವರನ್ನೆಲ್ಲ ಒಂದು ದಾರಕ್ಕೆ ಕಟ್ಟಿ ಇಡುವುದು ಕಾರ್ಯದರ್ಶಿಯ ಕೆಲಸ. ಈ ಬಂದರಿನ ಇಂಜಿನಿಯರಿಗೆ ಆ ನದಿಯ ಸಂಶೋಧಕನ ಪರಿಚಯ ಮಾಡಿಸುವುದು, ಮೂರು ತಿಂಗಳಿಗೊಮ್ಮೆ ಸಮಾಚಾರ ಪತ್ರಿಕೆ ಹೊರಡಿಸುವುದು, ವರ್ಷಕ್ಕೊಮ್ಮೆ ಸಭೆ ಸೇರಿಸಿ ಎಲ್ಲರೂ ಜಗಳವಾಡುವಂತೆ ನೋಡಿಕೊಳ್ಳುವುದು. ಅವನು ಸ್ವತಃ ಹೂಳನ್ನು ಮುಟ್ಟಿದವನಲ್ಲ. ಮಳೆಗಾಲದಲ್ಲಿ ಪ್ಯಾಂಟಿಗೆ ಸಿಡಿದದ್ದನ್ನು ಬಿಟ್ಟರೆ.

ಕುಳಿತಲ್ಲಿ ಕೂರದ ಮನುಷ್ಯ. ಅವನ ಕುರ್ಚಿ ಎಂದೂ ಬೆಚ್ಚಗಾದದ್ದಿಲ್ಲ. ಫೋನು ಕಿವಿಗಿಟ್ಟರೆ ಕಣದಲ್ಲಿ ತುಳಿಯುವ ಎತ್ತಿನ ಹಾಗೆ ಮುಂಗೋಣೆಯನ್ನು ಸುತ್ತುತ್ತಿದ್ದ. ಆ ಮುಂಗೋಣೆಯೇ ಕೇಂದ್ರ ಕಚೇರಿ. ಕೋಣೆ ಮಾವನದು, ಮನೆ ಮಾವನದು, ಅವನು ಸುತ್ತಿ ಸುತ್ತಿ ಸವೆಸಿದ ನೆಲವೂ ಮಾವನದೇ.

ಮಾವ ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಅಂಗಡಿಯವರ ತಕ್ಕಡಿಗಳನ್ನು ನೋಡಿ ನೋಡಿ ಲೋಕದಲ್ಲಿ ಎಲ್ಲವೂ ಸ್ವಲ್ಪ ಕಡಿಮೆಯೇ ತೂಗುತ್ತದೆ ಎಂಬ ನಿರ್ಧಾರಕ್ಕೆ ಬಂದಿದ್ದರು. ಅಳಿಯನನ್ನು ಮದುವೆಯ ದಿನವೇ ತೂಗಿ ಬದಿಗಿಟ್ಟಿದ್ದರು.

"ನಿಮ್ಮ ಕೆಲಸ ಏನೂಂತ ಇನ್ನೊಂದ್ಸಲ ಹೇಳಿ, ಅಳಿಯಂದ್ರೆ."

"ಅವರನ್ನ ಇವರಿಗೆ, ಇವರನ್ನ ಅವರಿಗೆ ಜೋಡಿಸೋದು ಮಾವ."

"ಅಂದ್ರೆ ದಲ್ಲಾಳಿ."

"ದಲ್ಲಾಳಿ ಅಲ್ಲ ಮಾವ, ದಲ್ಲಾಳಿಗೆ ಕಮಿಷನ್ ಇರತ್ತೆ."

"ಅದೂ ಇಲ್ವಾ!" ಅಂದರು ಮಾವ. ಆಮೇಲೆ ಮಗಳ ಕಡೆ ತಿರುಗಿ, "ಸ್ವಂತ ಬಳಗಾನ ವರ್ಷಕ್ಕೊಂದ್ಸಲ ನೋಡೋಕೆ ಪುರುಸೊತ್ತಿಲ್ಲ, ಹೂಳಿನ ಬಳಗವಂತೆ" ಅಂದರು.

ಮಾವನ ತಲೆಯಲ್ಲಿ ಬೇರೆ ಯೋಜನೆಯಿತ್ತು. ಒಬ್ಬ ಹಲ್ಲಿನ ಡಾಕ್ಟರು ಕ್ಲಿನಿಕ್ಕಿಗೆ ಬೀದಿ ಕಡೆ ಬಾಗಿಲಿರುವ ಕೋಣೆ ಹುಡುಕುತ್ತಿದ್ದ. ಇತ್ತ ಬಳಗದಲ್ಲೂ ಒಂದು ಬಿಕ್ಕಟ್ಟು ಬೆಳೆದಿತ್ತು. ಬಳಗಕ್ಕೆ ಎರಡು ವಿಭಾಗ, ನದಿಯದೊಂದು, ಕಡಲಿನದೊಂದು. ಕಡಲ ವಿಭಾಗದ ಮುಖ್ಯಸ್ಥರು, ಹಿಂದೆ ಹೂಳೆತ್ತುವ ಹಡಗಿನ ಕ್ಯಾಪ್ಟನ್ ಆಗಿದ್ದವರು, ಕೇಂದ್ರ ಕಚೇರಿಯನ್ನು ಬಂದರಿಗೆ ಎತ್ತಿಕೊಂಡು ಹೋಗಬೇಕೆಂದು ಪಟ್ಟು ಹಿಡಿದಿದ್ದರು. "ನಿಮ್ಮ ಕಚೇರಿಯನ್ನ ಯಾರಾದ್ರೂ ಕಣ್ಣಾರೆ ಕಂಡಿದಾರೇನ್ರೀ?" ಎಂದು ಫೋನಿನಲ್ಲಿ ಕೆಣಕಿದಾಗ ಕಾರ್ಯದರ್ಶಿ ಸುತ್ತುತ್ತಿದ್ದವನು ನಿಂತ. ನಿಂತದ್ದೇ ತಪ್ಪಾಯಿತು. "ಈ ಸಲದ ಸಭೆ ಇಲ್ಲೇ! ಎಲ್ಲರೂ ಬನ್ನಿ! ಅಂಗಳ ಇದೆ, ಕಾಂಪೌಂಡ್ ಇದೆ, ಬೋರ್ಡಿದೆ!" ಅಂದುಬಿಟ್ಟ. ಆಗ ಬೋರ್ಡು ಇರಲಿಲ್ಲ.

ವಿಷಯ ತಿಳಿದ ಮಾವ ಗಲಾಟೆ ಮಾಡಲಿಲ್ಲ. "ಸಭೆ ಭಾನುವಾರ ತಾನೆ? ಡಾಕ್ಟ್ರಿಗೂ ಭಾನುವಾರಾನೇ ಬರೋಕೆ ಹೇಳ್ತೀನಿ. ನಿಮ್ಮ ಜನಾನೂ ಬರ್ಲಿ. ಕಚೇರಿ ಇಲ್ಲೇ ಇರ್ಲಿ ಅಂತ ನಿಮ್ಮವರೇ ಹೇಳಿದ್ರೆ ಕೋಣೆ ನಿಮಗೆ. ಇಲ್ದಿದ್ರೆ ಹಲ್ಲಿಗೆ" ಅಂದರು.

ಹೀಗೆ, ಪಾಪ, ಒಂದು ಕೋಣೆಯ ಆಸೆಗೆ ಬೋರ್ಡು ಹುಟ್ಟಿತು.

ಮೊದಲು ಬಂದವಳು ಎದುರಿನ ಲಾಂಡ್ರಿಯಮ್ಮ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಗಟ್ಟಿ ಹೆಂಗಸು. ಸೊಂಟದ ಮೇಲೆ ದೊಡ್ಡ ಪ್ಲಾಸ್ಟಿಕ್ ತೊಟ್ಟಿ ಇಟ್ಟುಕೊಂಡು ಗೇಟು ತಳ್ಳಿದಳು.

"ಎಲ್ಲಿಡ್ಲಿ?"

"ಏನಮ್ಮ ಇದು?"

"ಹೂಳು. ನಮ್ಮಂಗಡಿ ಮುಂದಿನ ಚರಂಡೀದು. ಅಪ್ಪಟ. ಒಂದು ಕಡ್ಡಿ ಕಸ ಇಲ್ಲ, ಆರಿಸಿ ತಂದಿದೀನಿ."

"ನಾನೆಲ್ಲಮ್ಮ ಕೇಳ್ದೆ?"

ಲಾಂಡ್ರಿಯಮ್ಮ ಕೈ ಬಿಡುವಿಲ್ಲದ್ದರಿಂದ ಗಲ್ಲದಿಂದಲೇ ಬೋರ್ಡು ತೋರಿಸಿದಳು. "ನೀವೇ ಹಾಕಿದೀರಲ್ಲ ಸಾಹೇಬ್ರೆ."

ಬೇಡ ಅನ್ನಬೇಕಾದ ಗಳಿಗೆ ಅದು. ಆದರೆ ಆ ಬೀದಿಯಲ್ಲಿ ಅಲ್ಲಿಯವರೆಗೆ ಅವನನ್ನು 'ಅಳಿಯಂದ್ರು' ಅನ್ನುತ್ತಿದ್ದರೇ ಹೊರತು ಸಾಹೇಬ್ರು ಅಂದವರಿರಲಿಲ್ಲ. ಕಾರ್ಯದರ್ಶಿಯ ಬೆನ್ನು ತಾನಾಗಿ ನೆಟ್ಟಗಾಯಿತು. ಅಂಗಳದ ಮೂಲೆ ತೋರಿಸಿದ. ತೋರಿಸಿ ಸುಮ್ಮನಾಗಿದ್ದರೂ ಆಗುತ್ತಿತ್ತು. ಹೂಳಿನಿಂದ ಇಟ್ಟಿಗೆಯಾಗುತ್ತದೆ, ಏರಿ ಕಟ್ಟಬಹುದು, ಹೊಲಕ್ಕೆ ಹಾಕಿದರೆ ಬೆಳೆ ಹುಚ್ಚೆದ್ದು ಬರುತ್ತದೆ ಎಂದು ಸಮಾಚಾರ ಪತ್ರಿಕೆಯ ಹಳೆಯ ಸಂಚಿಕೆಗಳನ್ನೆಲ್ಲ ಬಾಯಿಪಾಠ ಒಪ್ಪಿಸಿದ. ಲಾಂಡ್ರಿಯಮ್ಮ ತೊಟ್ಟಿ ಬೋರಲು ಹಾಕಿ, ತಳಕ್ಕೆ ಎರಡು ಏಟು ಕೊಟ್ಟು, ಬೀದಿಗೆ ಹೋಗಿ ಹೇಳಿದಳು: "ಅಳಿಯಂದ್ರು ಚರಂಡಿ ಮಣ್ಣಿಗೆ ಜನ ಕರೀತಿದಾರೆ. ಇಟ್ಟಿಗೆ ಫ್ಯಾಕ್ಟ್ರಿ ಹಾಕ್ತಾರಂತೆ."

ನಮ್ಮ ಬೀದಿಯ ಚರಂಡಿಗಳು ತುಂಬಿ ಯಾವ ಕಾಲವಾಗಿತ್ತೋ. ಮುನ್ಸಿಪಾಲಿಟಿಗೆ ಅರ್ಜಿ ಕೊಟ್ಟವರ ಕೂದಲು ನೆರೆತಿತ್ತು. ಎತ್ತಿದ್ದನ್ನು ಹಾಕಲು ಒಂದು ಜಾಗವಿದೆ ಎಂದು ಗೊತ್ತಾದದ್ದೇ ತಡ, ಸಲಿಕೆ ಇದ್ದವರು ಸಲಿಕೆ, ಇಲ್ಲದವರು ಒಡೆದ ತಗಡು ಹಿಡಿದು ಇಳಿದರು. ಮಧ್ಯಾಹ್ನದೊಳಗೆ ಬಕೆಟ್ಟು ಬಂದವು, ಗಾರೆಯವನ ಬಾಂಡ್ಲಿ ಬಂತು, ತರಕಾರಿಯವನು ತಕ್ಕಡಿ ಇಳಿಸಿ ತಳ್ಳುಗಾಡಿಯಲ್ಲೇ ತುಂಬಿ ತಂದ. ತರುವವರ ಮುಖದಲ್ಲಿ ಬೀಗರ ಮನೆಗೆ ಹಣ್ಣಿನ ಬುಟ್ಟಿ ತರುವವರ ಸಂಭ್ರಮವಿತ್ತು.

ಹೆಂಡತಿ ಹೊಸ್ತಿಲಲ್ಲಿ ನಿಂತು ನೋಡಿದಳು. "ಅಳಿಯನ ಮನೆಗೆ ಬರೋರು ಬರಿಗೈಲಿ ಬರಬಾರದು ಅಂತ ನಮ್ಮಮ್ಮ ಆಸೆ ಪಡ್ತಿದ್ಲು. ಈಗ ಇದ್ದಿದ್ರೆ ಕಣ್ತುಂಬ ನೋಡ್ತಿದ್ಲು."

"ನಾನೇನು ಮಾಡ್ಲೇ? ಪ್ರೀತಿಯಿಂದ ತರ್ತಾರೆ."

"ಪ್ರೀತಿ ನಾರ್ತಿದೆ. ಗೇಟು ಹಾಕ್ರಿ."

ಗೇಟು ಹಾಕಿದ. ಅವರು ಗೋಡೆಯ ಮೇಲಿಂದ ಸುರಿದರು. ಬೋರ್ಡು ಅಳಿಸಿಬಿಡೋಣವೆಂದು ಪೇಂಟರನ್ನು ಹುಡುಕಿದರೆ ಅವನು ಬೇರೆ ಊರಿಗೆ ಗೋಡೆ ಬರೆಯಲು ಹೋಗಿದ್ದ. ಕಾರ್ಯದರ್ಶಿ ಏಣಿಯಿಲ್ಲದೆ, ಸ್ಟೂಲಿನ ಮೇಲೆ ಸ್ಟೂಲು ಇಟ್ಟು ಹತ್ತಿ, ಹೂವಿನ ಚಿತ್ರವಿದ್ದ ಹಾಸಿಗೆಯ ಹೊದಿಕೆಯಿಂದ ಬೋರ್ಡನ್ನು ಮುಚ್ಚಿ ನಾಲ್ಕೂ ಮೂಲೆಗೆ ದಾರ ಬಿಗಿದ. ಇಳಿದು ಬಂದು ಕೈ ಝಾಡಿಸಿಕೊಂಡ. ಇನ್ನು ಯಾರಿಗೂ ಕಾಣುವುದಿಲ್ಲ.

ಕಾಣದ ಬೋರ್ಡು ಕಾಣುವ ಬೋರ್ಡಿಗಿಂತ ಕೆಟ್ಟದ್ದು ಎಂಬುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಬಟ್ಟೆ ಮುಚ್ಚಿದ ಬೋರ್ಡು ಲೋಕದಲ್ಲಿ ಒಂದೇ ಅರ್ಥ ಕೊಡುತ್ತದೆ. ಯಾರೋ ದೊಡ್ಡವರು ಬಂದು ದಾರ ಎಳೆಯುತ್ತಾರೆ.

"ಉದ್ಘಾಟನೆ ಯಾವಾಗ ಸಾಹೇಬ್ರೆ?" ಎಂದು ತರಕಾರಿಯವನು ಕೇಳಿದ. ಸಂಜೆಯ ಹೊತ್ತಿಗೆ ಅದೇ ಪ್ರಶ್ನೆ ಮುನ್ಸಿಪಾಲಿಟಿಯ ನೈರ್ಮಲ್ಯ ಇನ್ಸ್‌ಪೆಕ್ಟರ ಕಿವಿಗೆ ಬಿತ್ತು. ಮಾರನೆ ಬೆಳಿಗ್ಗೆ ಅವರೇ ಮೋಟರ್‌ಸೈಕಲ್ಲಿನಲ್ಲಿ ಬಂದಿಳಿದು, ಅಂಗಳ ನೋಡಿ, ಮೂಗಿಗೆ ಕರ್ಚೀಫು ಹಿಡಿದರು.

"ಇದೇನ್ರೀ ಇದು? ಯಾರ ಪರ್ಮಿಷನ್ ತಗೊಂಡ್ರಿ? ವಾಸದ ಮನೆ ಮುಂದೆ ಚರಂಡಿ ಮಣ್ಣು ರಾಶಿ ಹಾಕೋದು ಅಪರಾಧ ಗೊತ್ತೇನ್ರೀ?"

ಕಾರ್ಯದರ್ಶಿಗೆ ನಾಲಿಗೆ ಒಣಗಿತು. ಒಣಗಿದ ನಾಲಿಗೆ ಹೆಚ್ಚು ಮಾತಾಡುತ್ತದೆ. "ಸಾರ್, ಭಾನುವಾರ ನಮ್ಮ ಅಧ್ಯಕ್ಷರು ಬರ್ತಿದಾರೆ. ಬಂದರುಗಳಿಂದ, ಅಣೆಕಟ್ಟೆಗಳಿಂದ ತಜ್ಞರೆಲ್ಲ ಬರ್ತಿದಾರೆ. ಹೂಳಿನ ವಿಷಯದಲ್ಲಿ ಅವರಿಗಿಂತ ಮೇಲಿನವರಿಲ್ಲ ಸಾರ್."

ಇನ್ಸ್‌ಪೆಕ್ಟರ ಕರ್ಚೀಫು ನಿಧಾನವಾಗಿ ಕೆಳಗಿಳಿಯಿತು. "ಮೇಲಿನವರಾ?"

"ಹೂಂ ಸಾರ್."

"ಮೇಲಿನವರು ಬರೋದಕ್ಕೆ ಮುಂಚೆ ನಮ್ಮ ಆಫೀಸಿಗೆ ಒಂದು ಮಾತು ಹೇಳ್ಬಾರ್ದೇನ್ರೀ! ನಾಳೆ ಅವರು, 'ಇಡೀ ಊರಿನ ಹೂಳು ಇಷ್ಟೇನಾ? ನಿಮ್ಮ ಇನ್ಸ್‌ಪೆಕ್ಟರು ಏನು ಮಾಡ್ತಿದಾರೆ?' ಅಂತ ಕೇಳಿದ್ರೆ?" ಅವರು ರಾಶಿಯನ್ನು ಮೇಲಿಂದ ಕೆಳಗೆ ನೋಡಿದರು. ಅವರ ಕಣ್ಣಿಗೆ ಈಗ ಅದು ನಾಚಿಕೆಯಾಗುವಷ್ಟು ಚಿಕ್ಕದಾಗಿ ಕಂಡಿತು. "ನೀವೇನೂ ಯೋಚ್ನೆ ಮಾಡ್ಬೇಡಿ. ನಮ್ಮ ಇಲಾಖೆ ಸಹಕಾರ ಇದೆ."

ಇಲಾಖೆಯ ಸಹಕಾರ ಟ್ರ್ಯಾಕ್ಟರಿನಲ್ಲಿ ಬಂತು. ಮಾರುಕಟ್ಟೆಯ ಹಿಂದಿನ ಕಾಲುವೆಯದು ಒಂದು ಸಲ, ನದಿಯ ದೋಣಿ ಕಟ್ಟೆಯ ಕೆಳಗಿನದು ಇನ್ನೊಂದು ಸಲ, ಸಂತೆ ಮೈದಾನದ ಮೋರಿಯದು ಮತ್ತೊಂದು ಸಲ. ಕಾರ್ಯದರ್ಶಿ ಹಿಮ್ಮೆಟ್ಟಿ ಬರುತ್ತಿದ್ದ ಟ್ರ್ಯಾಕ್ಟರಿನ ಹಿಂದೆ ಕೈ ಅಗಲಿಸಿ ನಿಂತ. ಡ್ರೈವರು ಅದನ್ನು 'ಇನ್ನೂ ಹಿಂದಕ್ಕೆ ಬಾ' ಎಂಬ ಸನ್ನೆಯೆಂದು ತಿಳಿದು ಇನ್ನೂ ಹಿಂದಕ್ಕೆ ಬಂದು ಟ್ರೇಲರನ್ನು ಎತ್ತಿದ. ಶನಿವಾರದ ಹೊತ್ತಿಗೆ ರಾಶಿ ಮುಂಗೋಣೆಯ ಕಿಟಕಿಯನ್ನು ಮುಚ್ಚಿ, ಮಾವನ ಕೋಣೆಯ ಕಿಟಕಿಗೂ ಕೈ ಚಾಚಿತ್ತು.

"ಅಳಿಯಂದ್ರೆ," ಎಂದು ಒಳಗಿನಿಂದ ಮಾವನ ದನಿ ಬಂತು. "ನನ್ನ ಕಿಟಕೀಲಿ ಬೆಳಗಾಗ್ತಾ ಇಲ್ಲ."

"ಮೋಡ ಇರ್ಬೇಕು ಮಾವ."

"ಮೋಡಕ್ಕೆ ಎಮ್ಮೆ ಕಟ್ಟಿದ ಜಾಗದ ವಾಸನೆ ಯಾಕೆ ಬರ್ತಿದೆ?"

ಭಾನುವಾರ ಬಂದೇ ಬಂತು. ಸದಸ್ಯರು ವ್ಯಾನಿನಿಂದ ಇಳಿದರು. ಕೋಟು, ಕನ್ನಡಕ, ಕೈಚೀಲ. ಹಲ್ಲಿನ ಡಾಕ್ಟರೂ ಅದೇ ಹೊತ್ತಿಗೆ ತನ್ನ ಅಳತೆ ಟೇಪು ಹಿಡಿದು ಬಂದ. ರಾಶಿಯ ಪಕ್ಕದಲ್ಲಿ ಒಬ್ಬರು ಅಡ್ಡಡ್ಡವಾಗಿ ಹೋಗುವಷ್ಟು ದಾರಿ ಉಳಿದಿತ್ತು. ಎದುರು ಪಕ್ಕದಲ್ಲಿ ಇಡೀ ಬೀದಿ ನಿಂತಿತ್ತು, ಒಗೆದ ಬಟ್ಟೆ ಹಾಕಿಕೊಂಡು, ಉದ್ಘಾಟನೆ ನೋಡಲು.

ಕ್ಯಾಪ್ಟನ್ ಸೊಂಟದ ಮೇಲೆ ಕೈಯಿಟ್ಟು ನಕ್ಕರು. "ಕೇಂದ್ರ ಕಚೇರಿ ಎಲ್ಲಿ ಅಂತ ಕೇಳ್ತಿದ್ದೆ. ಹೂತುಹೋಗಿದೆ! ಮೇಡಂ, ಇದನ್ನ ನೋಡಿದ ಮೇಲೂ ಮಾತು ಬೇಕಾ? ಹೂಳು ನಿರ್ವಹಣೆ ಮಾಡೋ ಮನುಷ್ಯ ಸ್ವಂತ ಬಾಗಿಲನ್ನೇ ನಿರ್ವಹಣೆ ಮಾಡ್ಲಿಲ್ಲ."

ಮಾವ ಡಾಕ್ಟರ ಕಡೆ ನೋಡಿ ಕೋಣೆಯ ಬೀಗದಕೈಯನ್ನು ಜೇಬಿನಲ್ಲಿ ಒಮ್ಮೆ ಕುಲುಕಿದರು. ಕಾರ್ಯದರ್ಶಿಗೆ ಆ ಸದ್ದು ಕೇಳಿಸಿತು.

ಮೇಡಂ ಅಂದರೆ ಬಳಗದ ಅಧ್ಯಕ್ಷರು. ಸಣಕಲು ಮುದುಕಿ, ಕೈಯಲ್ಲಿ ಊರುಗೋಲು, ಆಯುಷ್ಯವೆಲ್ಲ ನದಿಗಳ ತಳ ನೋಡುವುದರಲ್ಲೇ ಕಳೆದವರು. ಅವರು ರಾಶಿಯನ್ನು, ಎಷ್ಟೋ ವರ್ಷದ ಮೇಲೆ ತವರಿನ ಹಸು ಕಂಡವರ ಹಾಗೆ ನೋಡಿದರು. ಊರುಗೋಲನ್ನು ಕ್ಯಾಪ್ಟನ್ ಕೈಗೆ ಕೊಟ್ಟರು. ಬಾಗಿದರು.

ಈ ಕಸುಬಿನವರಲ್ಲಿ ಒಂದು ಹಳೆಯ ರೂಢಿಯಿದೆ. ಕಾರ್ಯದರ್ಶಿಗೆ ಅದು ಗೊತ್ತಿತ್ತು, ಆದರೆ ಆ ಗಾಬರಿಯಲ್ಲಿ ನೆನಪಾಗಿರಲಿಲ್ಲ. ಮಣ್ಣು ಎಂಥದೆಂದು ತಿಳಿಯಲು ಪ್ರಯೋಗಾಲಯದವರೆಗೆ ಹೋಗುವ ತಾಳ್ಮೆಯಿಲ್ಲದಿದ್ದರೆ, ಒಂದು ಚಿಟಿಕೆಯನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಅರೆಯುತ್ತಾರೆ. ಜೇಡಿಯಾದರೆ ಬೆಣ್ಣೆಯ ಹಾಗೆ ಜಾರುತ್ತದೆ. ಮರಳಿಗಿಂತ ನುಣ್ಣನೆಯ ರೇವೆಯಾದರೂ ಹಲ್ಲಿಗೆ ಚರಚರ ಅನ್ನುತ್ತದೆ.

"ಮೇಡಂ!" ಎಂದು ಕಾರ್ಯದರ್ಶಿ ಹಾರಿದ. ಯಾವ ಗುಡ್ಡೆ ಯಾವ ಚರಂಡಿಯದೆಂದು ಬಲ್ಲವನು ಅವನೊಬ್ಬನೇ. "ಅದು ಬೇಡ ಮೇಡಂ, ಅದು... ಆ ಕಡೆ ಬನ್ನಿ, ದೋಣಿ ಕಟ್ಟೇದು ಆ ಕಡೆ ಇದೆ. ಅದು ಚೆನ್ನಾಗಿದೆ."

ಹೇಗೋ ಭುಜ ಹಿಡಿದು ನದಿಯ ಮಣ್ಣಿನ ಕಡೆಗೆ ತಿರುಗಿಸಿದ. ಅಧ್ಯಕ್ಷರು ಚಿಟಿಕೆ ಎತ್ತಿ, ಹಲ್ಲಿನ ನಡುವೆ ಇಟ್ಟು, ಕಣ್ಣು ಮುಚ್ಚಿದರು. ಚರಚರ.

"ಆಹಾ" ಅಂದರು.

ಆಮೇಲೆ ಯಾರು ತಡೆಯುತ್ತಾರೆ? ಕೋಟಿನವರೆಲ್ಲ ಕೈಚೀಲ ಕೆಳಗಿಟ್ಟು ರಾಶಿಯ ಸುತ್ತ ಮುಗಿಬಿದ್ದರು. ಒಬ್ಬರು ಇಲ್ಲಿ, ಒಬ್ಬರು ಅಲ್ಲಿ. ಬಾಯಿಗೆ ಹಾಕುವುದು, ಅರೆಯುವುದು, ಉಗಿಯುವುದು, ವಾದಿಸುವುದು. "ಶುದ್ಧ ರೇವೆ ಕಣ್ರೀ!" "ಜೇಡಿ ಇದೆ, ಇನ್ನೊಂಚೂರು ಬಾಯಿಗೆ ಹಾಕಿ ನೋಡಿ." ಕಾರ್ಯದರ್ಶಿ ಒಬ್ಬರ ಕೈ ಹಿಡಿಯುವಷ್ಟರಲ್ಲಿ ಇನ್ನೊಬ್ಬರು ಸಂತೆ ಮೈದಾನದ ಮೋರಿಯನ್ನು ತಲುಪುತ್ತಿದ್ದರು. ಕೋಳಿ ಹೊಕ್ಕ ಕಣ ಕಾಯುವವನ ಪಾಡು ಅವನದಾಗಿತ್ತು.

ಬೀದಿ ಕತ್ತು ಚಾಚಿ ನೋಡುತ್ತಿತ್ತು.

"ಅಯ್ಯೋ! ತಿಂತಿದಾರೆ!" ಎಂದಳು ಲಾಂಡ್ರಿಯಮ್ಮ.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ," ಅಂದರು ಮಾವ. "ಇಲ್ಲಿ ಎರಡೂ ಕೆಸರು."

ಹಲ್ಲಿನ ಡಾಕ್ಟರು ಮಾತ್ರ ಹೆಜ್ಜೆ ಹೆಜ್ಜೆಯಾಗಿ ಮುಂದೆ ಬರುತ್ತಿದ್ದ. ಅವನ ಕಣ್ಣು ಅರೆಯುತ್ತಿದ್ದ ಹಲ್ಲುಗಳ ಮೇಲೆ ನೆಟ್ಟಿತ್ತು. "ಮರಳು ಅಗೀತಾರೆ," ಎಂದು ತನ್ನಷ್ಟಕ್ಕೆ ಅಂದುಕೊಂಡ. "ಇಷ್ಟು ಜನ. ಒಟ್ಟಿಗೆ."

ಅಷ್ಟರಲ್ಲಿ ಗೇಟಿನ ಹತ್ತಿರದ ಮೂಲೆಯಿಂದ ಕ್ಯಾಪ್ಟನ್ ಕೂಗಿದರು. "ಉಪ್ಪು!" ಎಲ್ಲರೂ ತಿರುಗಿದರು. "ಉಪ್ಪಿನ ರುಚಿ! ಇದು ಕಡಲದ್ದು! ನದಿಯವರು ಏನಾದ್ರೂ ಹೇಳ್ಲಿ, ಕಡಲ ಹೂಳು ಇಲ್ಲೀವರೆಗೂ ಬಂದಿದೆ. ಇದು ನಮ್ಮ ವಿಭಾಗಕ್ಕೆ ಸೇರಿದ ಜಾಗ. ಕಚೇರಿ ಬಂದರಿಗೇ ಬರಬೇಕು!" ಖಾತ್ರಿಗಾಗಿ ಇನ್ನೊಂದು ಚಿಟಿಕೆ ಬಾಯಿಗೆ ಹಾಕಿಕೊಂಡರು.

ನದಿಯವರ ಮುಖ ಸಪ್ಪಗಾಯಿತು. ಆ ಮೂಲೆಯದು ಯಾವ ಕಡಲಿನದೆಂದು ಕಾರ್ಯದರ್ಶಿಗೆ ಗೊತ್ತು. ಆದರೆ ಒಬ್ಬ ದೊಡ್ಡ ಮನುಷ್ಯನಿಗೆ ಅವನು ಈಗ ತಾನೇ ಏನು ತಿಂದನೆಂದು ಹತ್ತು ಜನರ ಮುಂದೆ ಹೇಳುವುದು ಹೇಗೆ?

ಅವನ ಹೆಂಡತಿಗೆ ಅಂಥ ಸಂಕೋಚಗಳಿರಲಿಲ್ಲ. ಟೀ ತಟ್ಟೆ ಹಿಡಿದು ಹೊರಗೆ ಬಂದವಳು ಅಲ್ಲಿಂದಲೇ ಹೇಳಿದಳು: "ಅದು ಲಾಂಡ್ರಿ ಚರಂಡೀದು. ಬಟ್ಟೆ ಒಗೆಯೋ ಸೋಡಾ ರುಚಿ. ಅವರು ಜಾಸ್ತಿ ಹಾಕ್ತಾರೆ."

"ಜಾಸ್ತಿ ಏನಿಲ್ಲ ಕಣಕ್ಕ," ಎಂದು ಬೀದಿಯ ಆಚೆಯಿಂದ ಉತ್ತರ ಬಂತು. "ಕಾಲರಿಗೆ ಮಾತ್ರ."

ಕ್ಯಾಪ್ಟನ್ ತಟ್ಟೆಯಲ್ಲಿದ್ದ ಮೊದಲ ಟೀಯನ್ನು ಬಾಯಿ ಮುಕ್ಕಳಿಸಲು ಬಳಸಿದರು. ಎರಡನೆಯದನ್ನೂ.

ಸಭೆ ಒಳಗೆ ಸೇರಿತು. ಕಿಟಕಿ ಮುಚ್ಚಿದ್ದರಿಂದ ಮುಂಗೋಣೆಯಲ್ಲಿ ಹಾಡುಹಗಲೇ ದೀಪ ಹಾಕಬೇಕಾಯಿತು. ಬಾಗಿಲು ಮುಚ್ಚಿಸಿ ಅಧ್ಯಕ್ಷರು ಹೇಳಿದರು: "ಎತ್ತೋದು ಎಲ್ಲರಿಗೂ ಬರತ್ತೆ. ಎತ್ತಿದ್ದನ್ನ ಎಲ್ಲಿಡೋದು? ನನ್ನ ಜೀವಮಾನ ಎಲ್ಲ ಈ ಒಂದು ಪ್ರಶ್ನೆ ಕೇಳಿಕೊಂಡೇ ಬಂದೆ. ಈಗ ಅದು ನಮ್ಮ ಬಾಗಿಲಲ್ಲೇ ಬಂದು ಕೂತಿದೆ. ಮೊದಲು ಇದಕ್ಕೊಂದು ದಾರಿ ಹೇಳಿ. ಹೇಳಿದವರ ಕಡೆಗೆ ಕಚೇರಿ."

ಎಲ್ಲರೂ ಹೇಳಿದರು. ಕ್ಯಾಪ್ಟನ್, ದೋಣಿಯಲ್ಲಿ ತುಂಬಿ ಆಳದ ಕಡಲಿಗೆ ಸುರಿಯಬೇಕೆಂದರು. ನದಿಯವರು, ಹೊಲಕ್ಕೆ ಹರಡಬೇಕೆಂದರು. ಯಾವ ಹೊಲಕ್ಕೆ ಎಂದದ್ದಕ್ಕೆ ಹೊಲಗಳ ಸಮೀಕ್ಷೆಯಾಗಬೇಕೆಂದರು. ಸಮೀಕ್ಷೆಗೆ ಮುಂಚೆ ಪರೀಕ್ಷೆ, ಪರೀಕ್ಷೆಗೆ ಮುಂಚೆ ಮಾದರಿ, ಮಾದರಿಗೆ ಮುಂಚೆ ಉಪಸಮಿತಿ. ಕಾರ್ಯದರ್ಶಿ ನಡಾವಳಿ ಬರೆಯಬೇಕಿತ್ತು. ಜೀವನದಲ್ಲಿ ಮೊದಲ ಸಲ ಕುರ್ಚಿಗೆ ಅಂಟಿ ಕೂರಬೇಕಾಗಿ ಬಂದು ಅವನ ಕಾಲುಗಳು ಮೇಜಿನ ಕೆಳಗೆ ತಾವೇ ನಡೆಯುತ್ತಿದ್ದವು. ಬಾಗಿಲಾಚೆ ಬೀಗದಕೈ ಕುಲುಕುತ್ತಲೇ ಇತ್ತು.

ಆಗ ಅವನ ಕಣ್ಣಿಗೆ ಒಂದು ವಿಚಿತ್ರ ಕಂಡಿತು. ಕಿಟಕಿಯ ಮೇಲಿನ ಅಂಚಿನಲ್ಲಿ ಎಳೆಯಷ್ಟು ಬೆಳಕು.

ಕಣ್ಣುಜ್ಜಿಕೊಂಡ. ಬೆಳಕು ಬೆರಳಿನಷ್ಟಾಯಿತು. ಉಪಸಮಿತಿಗೆ ಯಾರು ಸಂಚಾಲಕರು ಎಂಬ ಚರ್ಚೆ ಮುಗಿಯುವಷ್ಟರಲ್ಲಿ ಗೇಣಗಲವಾಯಿತು. ಅದರಲ್ಲಿ ಒಂದು ಸಲಿಕೆಯ ತುದಿ ಹೋಯಿತು, ಬಂತು. ಆಮೇಲೆ ತರಕಾರಿಯವನ ತಲೆ. ಆಮೇಲೆ, ಸೊಂಟದ ಮೇಲೆ ತೊಟ್ಟಿಯಿಟ್ಟುಕೊಂಡ ಲಾಂಡ್ರಿಯಮ್ಮ ಹಿಂದಿನ ಸಲಕ್ಕಿಂತ ಎರಡು ಪಟ್ಟು ವೇಗದಲ್ಲಿ ಹಾದುಹೋದಳು.

ಹೊರಗೆ ಏನಾಯಿತೆಂದರೆ, ನಮ್ಮ ಬೀದಿ ಯೋಚನೆ ಮಾಡಿತು. ಅದಕ್ಕೆ ಯೋಚನೆಯ ಅಭ್ಯಾಸ ಕಡಿಮೆ. ಆದರೆ ಮಾಡಿದಾಗ ಬೇಗ ಮುಗಿಸುತ್ತದೆ.

"ಕೋಟು ಹಾಕಿದೋರು ಸುಮ್‌ಸುಮ್ನೆ ಬಾಯಿಗಿಟ್ಕೋತಾರಾ?" ಎಂದಿದ್ದಳು ಲಾಂಡ್ರಿಯಮ್ಮ. "ಆ ಕ್ಯಾಪ್ಟನ್ನು ನನ್ನದನ್ನ ಎರಡೆರಡು ಸಲ ತಿಂದ."

"ರುಚಿ ನೋಡಿದಾರೆ. ಈಗ ಬಾಗ್ಲು ಹಾಕ್ಕೊಂಡು ಒಳಗೆ ಬೆಲೆ ಕಟ್ತಿದಾರೆ," ಎಂದು ಉದ್ಘಾಟನೆಗೆ ಬಂದಿದ್ದ ನೈರ್ಮಲ್ಯ ಇನ್ಸ್‌ಪೆಕ್ಟರು ಅಧಿಕಾರವಾಣಿಯಲ್ಲಿ ವಿವರಿಸಿದರು. ವಿವರಿಸಿದ ಮೇಲೆ ಅವರಿಗೇ ಅದು ನಿಜವೆನ್ನಿಸಿ ಗಾಬರಿಯಾಯಿತು. "ಅರೆ! ಮುಕ್ಕಾಲು ಪಾಲು ನಮ್ಮ ಇಲಾಖೆ ಆಸ್ತಿ! ಟ್ರ್ಯಾಕ್ಟರ್ ಕರೀರೋ!"

ಅಷ್ಟು ಸಾಕಾಗಿತ್ತು. ತನ್ನದು ತನಗೆ ಬೇಕೆಂದು ಎಲ್ಲರೂ ನುಗ್ಗಿದರು. ಯಾರದು ಯಾವುದು, ಯಾರದು ಎಷ್ಟು ಎಂದು ಜಗಳವಾಯಿತು. "ನಮ್ಮದು ಕಪ್ಪಗಿತ್ತು ಕಣೋ!" "ಎಲ್ಲರ ಚರಂಡೀದೂ ಕಪ್ಪೇ ಕಣಣ್ಣ!" ತೂಕದ ಮಾತು ಬಂದದ್ದರಿಂದ ಮಾವ ತಾವಾಗಿ ಗೇಟಿಗೆ ಬಂದು ನಿಂತು, ಪ್ರತಿ ಬಕೆಟ್ಟನ್ನೂ ಒಂದು ಕೈಯಲ್ಲಿ ಎತ್ತಿ ನೋಡಿ, "ತಂದಿದ್ದಕ್ಕಿಂತ ಜಾಸ್ತಿ ಇದೆ, ಒಂದು ಹಿಡಿ ತೆಗಿ" ಎಂದು ನ್ಯಾಯ ಮಾಡಿದರು. ತೆಗೆಸಿದ ಹಿಡಿಗಳನ್ನು ಪಕ್ಕದಲ್ಲಿದ್ದ ಒಂದು ಹೂವಿನ ಕುಂಡಕ್ಕೆ ಹಾಕಿಸಿದರು.

ಒಳಗೆ ನಿರ್ಣಯ ಸಿದ್ಧವಾಯಿತು. ಹೊರಗಿನ ರಾಶಿಯನ್ನು ತೆಗೆಯುವ ಸಾಧ್ಯತೆಯ ಬಗ್ಗೆ ಅಧ್ಯಯನ ನಡೆಸಲು ಎರಡೂ ವಿಭಾಗಗಳ ಜಂಟಿ ಉಪಸಮಿತಿಯನ್ನು ರಚಿಸತಕ್ಕದ್ದು. ಚಪ್ಪಾಳೆಯಾಯಿತು. ಕಾರ್ಯದರ್ಶಿ ದೀಪ ಆರಿಸಿದ. ಕೋಣೆ ಬಿಸಿಲಿನಿಂದ ತುಂಬಿತ್ತು. ಯಾರೂ ಅದನ್ನು ಗಮನಿಸಲಿಲ್ಲ.

ಬಾಗಿಲು ತೆರೆದರು.

ಅಂಗಳದಲ್ಲಿ ಒಂದು ಒದ್ದೆ ಕಲೆ ಮಾತ್ರ ಇತ್ತು. ಅದರ ನಡುವೆ ಮುನ್ಸಿಪಾಲಿಟಿಯ ಆಳು ಕೊನೆಯ ಗೆರೆಗಳನ್ನು ಪೊರಕೆಯಿಂದ ಗುಡಿಸಿ ಬಾಂಡ್ಲಿಗೆ ತುಂಬುತ್ತಿದ್ದ, ಒಂದು ಕಣವೂ ಚೆಲ್ಲದ ಹಾಗೆ.

"ಎಲ್ಲಿ?" ಎಂದರು ಅಧ್ಯಕ್ಷರು.

"ತಗೊಂಡ್ಹೋದ್ರು," ಎಂದರು ಮಾವ.

"ಯಾರು?"

"ಜನ."

"ಅವರಾಗೇ? ಹೇಳದೆ, ಕೇಳದೆ?"

"ಜಗಳ ಆಡ್ಕೊಂಡು ತಗೊಂಡ್ಹೋದ್ರು."

ಅಧ್ಯಕ್ಷರು ಊರುಗೋಲಿನ ಮೇಲೆ ಎರಡೂ ಕೈಯಿಟ್ಟು ಆ ಒದ್ದೆ ಕಲೆಯನ್ನು ಬಹಳ ಹೊತ್ತು ನೋಡಿದರು. ಎಷ್ಟೋ ಬಂದರು ಕಂಡಿದ್ದರು, ಎಷ್ಟೋ ಅಣೆಕಟ್ಟೆ ಕಂಡಿದ್ದರು. ಎತ್ತಿದ ಹೂಳಿಗಾಗಿ ಜನ ಹೊಡೆದಾಡಿದ ಊರನ್ನು ಕಂಡಿರಲಿಲ್ಲ. "ನಾವು ಸಮಿತಿ ಮಾಡೋಷ್ಟರಲ್ಲಿ ನೀವು ಕೆಲಸ ಮುಗಿಸಿದ್ರಲ್ರೀ!" ಎಂದು ಕಾರ್ಯದರ್ಶಿಯ ಕೈ ಹಿಡಿದರು. "ಇದನ್ನ ಹೇಗೆ ಮಾಡಿದ್ರಿ?"

ಕಾರ್ಯದರ್ಶಿ ಸತ್ಯ ಹೇಳಲು ಬಾಯಿ ತೆರೆದ. ಅವನು ಸ್ವಭಾವತಃ ಸತ್ಯವಂತ, ಸಮಯವೊಂದು ಗೊತ್ತಾಗುವುದಿಲ್ಲ. ಹೆಂಡತಿ ಹಿಂದಿನಿಂದ ಅವನ ತೋಳು ಜಿಗುಟಿದಳು.

"ಜೋಡಿಸೋದು ಮೇಡಂ," ಎಂದಳು ಅವಳೇ. "ಅವರನ್ನ ಇವರಿಗೆ, ಇವರನ್ನ ಅವರಿಗೆ. ಇವರು ಮೊದಲಿಂದಲೂ ಅದನ್ನೇ ಮಾಡ್ತಿರೋದು."

ಕ್ಯಾಪ್ಟನ್ ಏನೋ ಹೇಳಲು ಹೊರಟರು. ಬಾಯಲ್ಲಿ ಇನ್ನೂ ಸೋಡಾ ಇದ್ದದ್ದರಿಂದ ಮಾತು ನೊರೆಯಾಯಿತು. ಕೇಂದ್ರ ಕಚೇರಿ ಕೇಂದ್ರದಲ್ಲೇ ಉಳಿಯಿತು. ಅಧ್ಯಕ್ಷರು ಹೊರಡುವ ಮುಂಚೆ ಹೂವಿನ ಹೊದಿಕೆಯ ದಾರ ಎಳೆದು ಬೋರ್ಡು ತೆರೆದರು. ಬೀದಿಯ ಆಸೆಯೂ ತೀರಿತು.

ಮಾವ ಬೀಗದಕೈಯನ್ನು ಜೇಬಿನಿಂದ ತೆಗೆದು, ಒಮ್ಮೆ ಅಂಗೈಯಲ್ಲಿ ತೂಗಿ, ಅಳಿಯನಿಗೆ ಕೊಟ್ಟರು. ಹಲ್ಲಿನ ಡಾಕ್ಟರಿಗೂ ಬೇಸರವಾಗಲಿಲ್ಲ. "ನನಗೆ ಎದುರಿಗೆ ಸಿಕ್ಕಿದ್ರೂ ಸಾಕು" ಎಂದು ಲಾಂಡ್ರಿಯ ಪಕ್ಕದ ಮಳಿಗೆಯನ್ನು ಅಂದೇ ಗೊತ್ತು ಮಾಡಿಕೊಂಡು, ವ್ಯಾನು ಹತ್ತುತ್ತಿದ್ದ ತಜ್ಞರ ಕೈಗೆಲ್ಲ ತನ್ನ ಕಾರ್ಡು ತುರುಕಿದ.

ಆಮೇಲಿನ ವಾರಗಳಲ್ಲಿ ಬೀದಿ ಕಾದಿತು. ಬೆಲೆ ಕೇಳಿಕೊಂಡು ಯಾರೂ ಬರಲಿಲ್ಲ. ಮಂಚದ ಕೆಳಗೆ, ನೀರಮನೆಯ ಮೂಲೆಯಲ್ಲಿ, ಗೋಣಿಚೀಲದಲ್ಲಿ ಬಚ್ಚಿಟ್ಟ ಸಂಪತ್ತು ಒಣಗಿ ಹೆಂಟೆಯಾಯಿತು. ಮೊದಲ ಮಳೆ ಬಂದ ದಿನ ಒಬ್ಬೊಬ್ಬರೇ, ಪಕ್ಕದ ಮನೆಯವರಿಗೆ ಕಾಣದಂತೆ, ಅದನ್ನು ತಂದು ಚರಂಡಿಗೆ ಹಾಕಿದರು. ಪಕ್ಕದ ಮನೆಯವರೂ ಅದೇ ಕೆಲಸದಲ್ಲಿದ್ದದ್ದರಿಂದ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಚರಂಡಿಗಳು ಮುಂಚಿನಂತೆ ತುಂಬಿ ನಿಂತವು. ಮುನ್ಸಿಪಾಲಿಟಿಗೆ ಹೊಸ ಅರ್ಜಿ ಹೋಯಿತು.

ಪೇಂಟರು ಊರಿಂದ ಮರಳಿದ ಕೂಡಲೇ ಕಾರ್ಯದರ್ಶಿ ಬಾಣವನ್ನು ಅಳಿಸಿ ಹಾಕಿಸಿದ. ಅದನ್ನು ತೋರಿಸೋಣವೆಂದು ಮಾವನನ್ನು ಹುಡುಕುತ್ತ ಹಿತ್ತಲಿಗೆ ಹೋದ. ಮಾವ ಗೇಟಿನಿಂದ ತಂದಿಟ್ಟುಕೊಂಡ ಆ ಹೂವಿನ ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಬೆನ್ನು ಈ ಕಡೆಗಿತ್ತು. ದವಡೆ ಮೆಲ್ಲಗೆ ಆಡುತ್ತಿತ್ತು. ಚರಚರ.

ಕಾರ್ಯದರ್ಶಿ ಹಿತ್ತಲ ಬಾಗಿಲಲ್ಲೇ ನಿಂತ.

ಮಾವ ತುಪ್ಪನೆ ಉಗಿದು, ತಿರುಗಿ ನೋಡದೆಯೇ ಹೇಳಿದರು: "ಅಳಿಯಂದ್ರೆ, ಆವತ್ತು ಯಾರೋ ನನಗೆ ಮೋಸ ಮಾಡಿದಾರೆ. ಇದರಲ್ಲಿ ಮರಳು ಜಾಸ್ತಿ ಇದೆ. ಇದು ನಮ್ಮ ಬೀದೀದೇ ಅಲ್ಲ."